ಒಂದು ವರ್ಷ ಬಳಸಿದ ಚಾರ್ಜರ್, ಅದು ಬಯಲು ಮಾಡಿದ ಬ್ಯಾಟರಿಗಳು

ಆರ್‌ಸಿ (ರೇಡಿಯೋ ಕಂಟ್ರೋಲ್) ಪ್ಲೇನ್ ಹಾರಿಸೋಕೆ ಹೊಸದಾಗಿ ಶುರು ಮಾಡೋರು ದುಡ್ಡೆಲ್ಲ ಪ್ಲೇನು, ರೇಡಿಯೋ, ಮೋಟಾರಿಗೇ ಸುರಿದುಬಿಟ್ಟು ಚಾರ್ಜರ್ ವಿಷಯ ಬಂದಾಗ "ಯಾವ್ದಾದ್ರೂ ಆಗುತ್ತೆ ಬಿಡು" ಅಂದ್ಬಿಡ್ತಾರೆ. ನಾನೂ ಹಾಗೇ ಮಾಡಿದ್ದೆ. ಈಗ ಒಂದು ವರ್ಷದಿಂದ 300 ವ್ಯಾಟ್‌ನ ಡಿಸಿ ಚಾರ್ಜರ್ ಬಳಸ್ತಿದೀನಿ, ಇದನ್ನ ನೇರವಾಗಿ ಗೋಡೆ ಪ್ಲಗ್ಗಿಗೆ ಹಾಕೋಕಾಗಲ್ಲ, ಅದಕ್ಕೆ 24 ವೋಲ್ಟಿನ ಪವರ್ ಸಪ್ಲೈ ಬೇರೆ ತಗೊಂಡೆ. ಇದರ ಬಗ್ಗೆ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ಇದು ಬಂದ್ಮೇಲೆನೇ ನನ್ನ ಹತ್ರ ಇದ್ದ ಬ್ಯಾಟರಿಗಳ ನಿಜವಾದ ಬಣ್ಣ ಗೊತ್ತಾಗಿದ್ದು.

ಮೊದ್ಲು ಇದ್ದಿದ್ದು 50 ವ್ಯಾಟ್‌ನ ಚಾರ್ಜರ್. 3ಎಸ್ (ಮೂರು ಸೆಲ್ ಸಾಲಾಗಿ ಜೋಡಿಸಿದ) 2200 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಲೈಪೋಗೆ, ಅಂದ್ರೆ ಲಿಥಿಯಂ ಪಾಲಿಮರ್ ಬ್ಯಾಟರಿಗೆ, ಅದು ಸಾಕು. 1ಸಿ ಅಂದ್ರೆ ಒಂದು ಗಂಟೇಲಿ ತುಂಬೋ ಲೆಕ್ಕದ ಕರೆಂಟ್, ಇದಕ್ಕೆ 2.2 ಆಂಪ್ಸ್, ಫುಲ್ ಆದಾಗ 12.6 ವೋಲ್ಟ್, ಗುಣಿಸಿದ್ರೆ ಸುಮಾರು 28 ವ್ಯಾಟ್, ಆರಾಮಾಗಿ ಎಳೆಯುತ್ತೆ. ಆದ್ರೆ 6ಎಸ್ 5000ದ ಪ್ಯಾಕ್ ತಂದೆ ನೋಡಿ, ಅಲ್ಲಿ ಕಷ್ಟ ಶುರುವಾಯ್ತು. ಅದಕ್ಕೆ 1ಸಿ ಕೊಡೋಕೆ 126 ವ್ಯಾಟ್ ಬೇಕು, ಇವ್ನು ಕೊಡೋದು 50, ಹಾಗಾಗಿ ಸ್ಕ್ರೀನ್ ಮೇಲೆ ನಾನು 5 ಆಂಪ್ಸ್ ಅಂತ ಸೆಟ್ ಮಾಡಿದ್ರೂ ಹೋಗ್ತಿದ್ದಿದ್ದು ಎರಡು ಆಂಪ್ಸ್ ಚಿಲ್ಲರೆ. ಎರಡು ಗಂಟೆ ಕಾದ್ರೂ ಮುಗೀತಿರ್ಲಿಲ್ಲ. ಚಾರ್ಜರ್ ತಗೋಳೋವಾಗ ಎಲ್ರೂ ಆಂಪ್ಸ್ ನೋಡ್ತಾರೆ, ನೋಡ್ಬೇಕಾಗಿದ್ದು ವ್ಯಾಟ್. ನಿಮ್ಮ ಹತ್ರ ಇರೋ ಅತಿ ದೊಡ್ಡ ಪ್ಯಾಕಿನ ಫುಲ್ ವೋಲ್ಟೇಜು, ನೀವು ಕೊಡ್ಬೇಕು ಅಂದ್ಕೊಂಡಿರೋ ಆಂಪ್ಸು, ಎರಡನ್ನೂ ಗುಣಿಸಿ, ಅದಕ್ಕಿಂತ ಸ್ವಲ್ಪ ಜಾಸ್ತಿ ಇರೋದು ತಗೊಳ್ಳಿ, ಅಷ್ಟೇ.

ಆದ್ರೆ ನಾನು ಬದಲಾಯಿಸಿದ್ದಕ್ಕೆ ನಿಜವಾದ ಕಾರಣ ಸ್ಪೀಡ್ ಅಲ್ಲ, ಸ್ಟೋರೇಜ್ ಮೋಡ್, ಅಂದ್ರೆ ಬಳಸದೇ ಇಡೋ ಬ್ಯಾಟರಿನ ಸುಮಾರು ಅರ್ಧ ಚಾರ್ಜಿಗೆ ತರೋದು. ಹಳೇದರ ಡಿಸ್ಚಾರ್ಜ್ ಶಕ್ತಿ ಬರೀ 5 ವ್ಯಾಟ್. ಫುಲ್ ಇರೋ 3ಎಸ್ 2200 ಪ್ಯಾಕನ್ನ ಪ್ರತಿ ಸೆಲ್ಲೂ 3.85 ವೋಲ್ಟ್ ಆಗೋ ತನಕ ಇಳಿಸೋಕೆ ಎರಡೂವರೆ ಗಂಟೆ ಹತ್ತಿರ ಬೇಕು. ಹಾರಿಸೋಕೆ ಅಂತ ನಾಲ್ಕು ಪ್ಯಾಕ್ ಚಾರ್ಜ್ ಮಾಡಿಟ್ಟು ಗಾಳಿ ಜಾಸ್ತಿ ಅಂತ ವಾಪಸ್ ಬಂದ್ರೆ ಯಾರು ಹತ್ತು ಗಂಟೆ ಕೂತ್ಕೊಂಡು ಇಳಿಸ್ತಾರೆ ಹೇಳಿ? ನಾನು ಇಳಿಸ್ಲಿಲ್ಲ. ಮೂರು ವಾರ ಬಿಡದೆ ಮಳೆ, ಪ್ಯಾಕ್‌ಗಳು ಹಾಗೇ ಫುಲ್ಲಾಗಿ, ಸೆಲ್ಲಿಗೆ 4.20 ವೋಲ್ಟಲ್ಲೇ ಇದ್ವು. ಆಮೇಲೆ ಒಂದಿನ ಪ್ಲೇನಿಗೆ ಹಾಕಕ್ಕೆ ಹೋದ್ರೆ ಮುಚ್ಚಳ ಮುಚ್ತಾನೇ ಇಲ್ಲ. ತೆಗೆದು ನೋಡಿದ್ರೆ ಪ್ಯಾಕಿನ ಹೊಟ್ಟೆ ಊದ್ಕೊಂಡಿದೆ, ಮೇಲಿನ ಪ್ಲಾಸ್ಟಿಕ್ ಕವರ್ ತಮಟೆ ಚರ್ಮದ ಹಾಗೆ ಬಿಗಿದಿದೆ, ಮೂಗಿನ ಹತ್ರ ತಂದ್ರೆ ನೇಲ್ ಪಾಲಿಶ್ ತರ ಸಿಹಿ ವಾಸನೆ. ಸೆಲ್ ಒಳಗಿನ ಎಲೆಕ್ಟ್ರೋಲೈಟ್ ಹಾಳಾಗಿ ಗ್ಯಾಸ್ ಆಗಿತ್ತು. ಅಂಥದ್ದನ್ನ ಮತ್ತೆ ಚಾರ್ಜಿಗೆ ಹಾಕ್ಲೇಬಾರ್ದು, ಚುಚ್ಚಿ ಗಾಳಿ ಬಿಡೋ ಯೋಚನೆ ಅಂತೂ ಬೇಡವೇ ಬೇಡ, ಬೆಂಕಿ ಹತ್ಕೊಳ್ಳುತ್ತೆ. ಹೊಸ ಚಾರ್ಜರ್ ಅದೇ ಕೆಲಸಾನ ಅರ್ಧ ಗಂಟೇಲಿ ಮುಗಿಸುತ್ತೆ, ಹಾಗಾಗಿ ಈಗ ಹಾರಿಸದೇ ಬಂದ ದಿನ ರಾತ್ರಿನೇ ಇಳಿಸಿ ಇಡ್ತೀನಿ. ನನ್ನ ಮಟ್ಟಿಗೆ ಈ ಒಂದು ಗುಣಕ್ಕೇ ಕೊಟ್ಟ ದುಡ್ಡು ವಸೂಲು.

ಇನ್ನು ಇಂಟರ್ನಲ್ ರೆಸಿಸ್ಟೆನ್ಸ್ ತೋರ್ಸೋದು, ಅಂದ್ರೆ ಸೆಲ್ ಒಳಗೇ ಕರೆಂಟಿಗೆ ಎಷ್ಟು ತಡೆ ಇದೆ ಅಂತ, ಕಮ್ಮಿ ಇದ್ದಷ್ಟೂ ಒಳ್ಳೇದು. ಇದೇ ನೋಡಿ ಬಯಲು ಮಾಡಿದ್ದು. ನನ್ನ ಹತ್ರ ಎರಡು 3ಎಸ್ 2200 ಪ್ಯಾಕ್ ಇದ್ವು, ಎರಡೂ ಹೆಚ್ಚು ಕಡಿಮೆ ಒಂದೇ ಸಮಯದಲ್ಲಿ ತಗೊಂಡಿದ್ದು, ಒಂದರ ಮೇಲೆ 25ಸಿ ಅಂತಿತ್ತು, ಇನ್ನೊಂದರ ಮೇಲೆ ದಪ್ಪ ಅಕ್ಷರದಲ್ಲಿ 60ಸಿ. ಇಲ್ಲಿ ಸಿ ಅಂದ್ರೆ 1ಸಿಯ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಅಂತ, ಲೇಬಲ್ ನಂಬಿದ್ರೆ ಮೊದಲನೇದು 55 ಆಂಪ್ಸ್, ಎರಡನೇದು 132 ಆಂಪ್ಸ್ ಕೊಡ್ಬೇಕು. ಚಾರ್ಜರಿಗೆ ಹಾಕಿ ನೋಡಿದ್ರೆ 25ಸಿಯದ್ದು ಮೂರು ಸೆಲ್‌ಗೂ 6, 6, 7 ಮಿಲಿಓಮ್, 60ಸಿಯದ್ದು 14, 13, 17! ತಕ್ಕಡಿಗೆ ಇಟ್ರೆ 25ಸಿಯದ್ದು 188 ಗ್ರಾಂ, 60ಸಿಯದ್ದು 165. ನಿಜವಾಗ್ಲೂ ಜಾಸ್ತಿ ಕರೆಂಟ್ ಕೊಡೋ ಪ್ಯಾಕಿನಲ್ಲಿ ಸಾಮಾನ್ಯವಾಗಿ ತಾಮ್ರ, ಅಲ್ಯೂಮಿನಿಯಂ ಹಾಳೆ ಜಾಸ್ತಿ ಇರುತ್ತೆ, ತೂಕಾನೂ ಜಾಸ್ತಿ ಬರುತ್ತೆ. ಒಂದೇ ಎಂಎಎಚ್ ಇದ್ದು ಸಿ ಜಾಸ್ತಿ, ತೂಕ ಕಮ್ಮಿ ಅಂದ್ರೆ ನನಗಂತೂ ಅನುಮಾನ. ಈ 60ಸಿ ಪ್ಯಾಕ್ ಹಾಕ್ದಾಗೆಲ್ಲ ಫುಲ್ ಥ್ರಾಟಲ್ ಕೊಟ್ಟ ತಕ್ಷಣ ಮೋಟಾರ್ ಸದ್ದು ಸೊರಗ್ತಿತ್ತು, ಒಂದ್ಸಲ ಲ್ಯಾಂಡಿಂಗಿಗೆ ತಿರುಗಿಸ್ತಾ ಇರೋವಾಗ ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸೋ ಸರ್ಕ್ಯೂಟ್) ವೋಲ್ಟೇಜ್ ಕಮ್ಮಿ ಅಂತ ಮೋಟಾರ್ ಕಟ್ ಮಾಡಿ ಪ್ಲೇನ್ ಹುಲ್ಲಿಗೆ ಬಿತ್ತು, ನಾನು ಇಷ್ಟು ದಿನ ಮೋಟಾರನ್ನೇ ಬೈತಿದ್ದೆ.

ಈ ನಂಬರ್ ನೋಡೋವಾಗ ಒಂದು ಮಾತು ನೆನಪಿಡಿ, ಬ್ಯಾಟರಿ ತಣ್ಣಗಿದ್ರೆ ರೆಸಿಸ್ಟೆನ್ಸ್ ಜಾಸ್ತಿ ತೋರ್ಸುತ್ತೆ, ಬಿಸಿ ಇದ್ರೆ ಕಮ್ಮಿ, ಕನೆಕ್ಟರ್ ಸಡಿಲ ಇದ್ರೂ ಎಡವಟ್ಟು. ಅದಕ್ಕೇ ಒಂದೇ ತರದ ಬಿಸಿಯಲ್ಲಿ, ಒಂದೇ ಚಾರ್ಜರಲ್ಲಿ ಅಳೆದು, ಪ್ಯಾಕ್ ಮೇಲೇ ತಾರೀಖು ಸಮೇತ ಬರೆದಿಡಿ.

ಬ್ಯಾಲೆನ್ಸಿಂಗ್, ಅಂದ್ರೆ ಎಲ್ಲಾ ಸೆಲ್‌ನೂ ಒಂದೇ ವೋಲ್ಟೇಜಿಗೆ ತರೋದು, ಚೆನ್ನಾಗಿದೆ. ಪ್ರತಿ ಸೆಲ್ ವೋಲ್ಟೇಜೂ ಕಣ್ಮುಂದೆ ಓಡ್ತಾ ಇರುತ್ತೆ, ಕೊನೆಗೆ ಮೂರೂ 4.20ಕ್ಕೆ ಬಂದು ನಿಲ್ಲೋದನ್ನ ನೋಡೋಕೆ ನಂಗೆ ತುಂಬಾ ಇಷ್ಟ. ಮೊದ್ಲು ಕರೆಂಟ್ ಒಂದೇ ಸಮ ಹೋಗಿ, 4.20 ಮುಟ್ಟಿದ್ಮೇಲೆ ವೋಲ್ಟೇಜ್ ಹಿಡ್ಕೊಂಡು ಕರೆಂಟ್ ಇಳೀತಾ ಬರುತ್ತೆ, ಕೊನೆಗೆ ನಿಧಾನ ಆಯ್ತು ಅಂತ ಗಾಬರಿ ಬೇಡ. ಪ್ಯಾಕ್ ಮೇಲೆ 5ಸಿ ಚಾರ್ಜ್ ಅಂತ ಬರೆದಿದ್ರೂ ನಾನು 1ಸಿ ದಾಟಲ್ಲ. ಹಾರಿಸಿ ಬಂದ ಬಿಸಿ ಪ್ಯಾಕನ್ನ ಆರೋಕೆ ಬಿಟ್ಟು ಆಮೇಲೆ ಹಾಕ್ತೀನಿ, ಅದೂ ಬರಿ ನೆಲದ ಟೈಲ್ಸ್ ಮೇಲೆ, ನಾನು ಅದೇ ರೂಮಲ್ಲಿ ಇದ್ದಾಗ ಮಾತ್ರ.

ಇನ್ನೊಂದು ಉಪಯೋಗ, ಎಷ್ಟು ಎಂಎಎಚ್ ವಾಪಸ್ ತುಂಬ್ತು ಅಂತ ತೋರ್ಸುತ್ತಲ್ಲ, ಅದ್ರಿಂದ ಟೈಮರ್ ಸರಿ ಮಾಡ್ಕೊಬಹುದು. 2200ರಲ್ಲಿ ಶೇಕಡ 80 ಅಂದ್ರೆ 1760, ಅದಕ್ಕಿಂತ ಜಾಸ್ತಿ ತುಂಬಿದ್ರೆ ನೀವು ಜಾಸ್ತಿ ಹೊತ್ತು ಹಾರಿಸಿದೀರ ಅಂತ ಅರ್ಥ. ನನ್ನ ಪ್ಲೇನ್ ಸರಾಸರಿ 15 ಆಂಪ್ಸ್ ಎಳೆಯುತ್ತೆ, ಲೆಕ್ಕಕ್ಕೆ 7 ನಿಮಿಷ, ನಾನು 6ಕ್ಕೇ ಇಟ್ಟಿದೀನಿ.

ಕುಂದು ಇಲ್ವಾ ಅಂದ್ರೆ ಇದೆ. ಫ್ಯಾನ್ ಸದ್ದು ಜಾಸ್ತಿ, ಪವರ್ ಸಪ್ಲೈದು ಸೇರಿದ್ರೆ ರೂಮಲ್ಲಿ ಮಾತಾಡೋಕಾಗಲ್ಲ. ಅದು ಬಿಡಿ, ನಂಗೆ ನಿಜವಾಗ್ಲೂ ಭಯ ಆಗೋದು ಮೆನು ನೋಡಿ. ಲೈಪೋ ಪಕ್ಕದಲ್ಲೇ ಎಲ್‌ಐಎಚ್‌ವಿ (ಜಾಸ್ತಿ ವೋಲ್ಟೇಜ್ ತನಕ ತುಂಬಿಸೋ ಬೇರೆ ಜಾತಿ ಲಿಥಿಯಂ ಬ್ಯಾಟರಿ) ಇದೆ, ಬೆರಳು ಒಂದು ಚೂರು ಜಾರಿದ್ರೆ ಸಾಮಾನ್ಯ ಲೈಪೋಗೆ ಸೆಲ್ಲಿಗೆ 4.35 ವೋಲ್ಟ್ ತನಕ ತುಂಬಿಸ್ತಾ ಕೂರುತ್ತೆ. ಇಂಥ ಕಡೆ "ಖಾತ್ರಿನಾ?" ಅಂತ ಒಂದ್ಸಲ ಕೇಳೋ ಹಾಗೆ ಮಾಡ್ಬೇಕಿತ್ತು. ನಾನಂತೂ ಸ್ಟಾರ್ಟ್ ಒತ್ತೋ ಮುಂಚೆ ಬ್ಯಾಟರಿ ಜಾತಿ, ಸೆಲ್ ಎಷ್ಟು, ಆಂಪ್ಸ್ ಎಷ್ಟು ಅಂತ ಬಾಯಲ್ಲಿ ಹೇಳ್ಕೊಂಡೇ ಒತ್ತೋದು.

ಒಂದೇ ಸಣ್ಣ ಪ್ಲೇನ್ ಇಟ್ಕೊಂಡಿರೋರಿಗೆ 300 ವ್ಯಾಟ್ ಬೇಕಿಲ್ಲ, 80-100 ವ್ಯಾಟ್ ಆದ್ರೂ ಸಾಕು, ಆದ್ರೆ ಡಿಸ್ಚಾರ್ಜ್ ಎಷ್ಟು ವ್ಯಾಟ್ ಅಂತ ಕೇಳದೆ ತಗೋಬೇಡಿ. 60ಸಿ ಪ್ಯಾಕಿನ ಮೂರನೇ ಸೆಲ್ ಹೋದ ವಾರ 24 ಮಿಲಿಓಮ್ ತೋರಿಸ್ತು, ಅದನ್ನ ಪೂರ್ತಿ ಡಿಸ್ಚಾರ್ಜ್ ಮಾಡಿ ಇ-ವೇಸ್ಟಿಗೆ ಕೊಡೋಕೆ ಎತ್ತಿಟ್ಟಿದೀನಿ. 25ಸಿಯದ್ದು ಇನ್ನೂ 7, 7, 8ರಲ್ಲೇ ಇದೆ.