ತೋಟಕ್ಕೆ ಬೇಲಿ ಹಾಕಿಸುತ್ತಿದ್ದೀರಾ? ಗುಂಡಿ ಮುಚ್ಚುವ ಮೊದಲೇ ನೋಡಿ

ಬೇಲಿ ಕೆಲಸಕ್ಕೆ ಅಡ್ವಾನ್ಸ್ ಕೊಡಲು ಹೊರಟಿದ್ದರೆ, ಮೊದಲು ಇದನ್ನು ಓದಿ.

ನಮ್ಮ ಕೈತೋಟದ ಬೇಲಿ ಮೊದಲ ಜೋರು ಮಳೆಗೇ ವಾಲಿತು. ಮೂಲೆ ಕಂಬ ಒಳಕ್ಕೆ ಬಾಗಿ, ಜಾಲರಿ ಜೋತುಬಿತ್ತು. ಗೇಟ್ ನೆಲಕ್ಕೆ ಕಚ್ಚಿಕೊಂಡು ತೆಗೆಯಲೇ ಬರಲಿಲ್ಲ. ಹಾಕಿದವನಿಗೆ ಫೋನ್ ಮಾಡಿದರೆ "ಮಣ್ಣು ಸಡಿಲ ಸಾರ್, ನಾವೇನ್ ಮಾಡೋಕಾಗುತ್ತೆ" ಎಂದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಮಣ್ಣಿನ ಮೇಲೆ ಗೂಬೆ ಕೂರಿಸಿದ್ದು ಶುದ್ಧ ಸುಳ್ಳು. ವಾಲಿದ ಕಂಬವನ್ನು ಎರಡು ಸಲ ಅಲ್ಲಾಡಿಸಿ ಎಳೆದೆ, ಸಲೀಸಾಗಿ ಕೈಗೆ ಬಂತು. ಬುಡದಲ್ಲಿ ಮಣ್ಣಿನ ಗುರುತು ಇದ್ದದ್ದು ಬರೀ ಒಂದಡಿ. ಅಂಟಿದ್ದ ಕಾಂಕ್ರೀಟನ್ನು ಬೆರಳಲ್ಲಿ ಒತ್ತಿದರೆ ಪುಡಿಪುಡಿಯಾಗಿ ಉದುರಿತು. ಒಣ ಸಿಮೆಂಟು ಮರಳು ಸುರಿದು, ಮೇಲೆ ಒಂದಿಷ್ಟು ನೀರು ಚಿಮುಕಿಸಿದ್ದಾರೆ ಅಷ್ಟೇ. ನೆಲದ ಮಟ್ಟದಲ್ಲಿ ಮಾತ್ರ ಕರಣೆ ಎಳೆದು ನುಣ್ಣಗೆ ಮಾಡಿದ್ದರು. ನೋಡಿದವರು ಗಟ್ಟಿ ಕೆಲಸ ಎಂದುಕೊಳ್ಳಬೇಕಲ್ಲ!

5 ಅಡಿ ಎತ್ತರದ ಬೇಲಿಗೆ ಕಂಬ 2 ಅಡಿಯಾದರೂ ಒಳಗೆ ಹೋಗಬೇಕು. ಅಂದರೆ 7 ಅಡಿ ಕಂಬ ಬೇಕು. ಅವನು ತಂದದ್ದು 6 ಅಡಿಯದು. ಮೋಸ ಅಲ್ಲೇ ಇದೆ, ಅಲ್ವಾ? ಕಂಬ ಗಾಡಿಯಿಂದ ಇಳಿಸಿದಾಗಲೇ ಟೇಪ್ ಹಿಡಿದು ಅಳೆಯಿರಿ. ಗುಂಡಿಯೊಳಗೂ ಟೇಪ್ ಬಿಟ್ಟು ನೋಡಿ, ಫೋಟೋ ತೆಗೆದಿಡಿ. ನೆಟ್ಟು ಮುಚ್ಚಿದ ಮೇಲೆ ಆಳ ಯಾರಿಗೆ ಕಾಣುತ್ತೆ?

ಮೂಲೆ ಕಂಬದ ವಿಷಯ ಇನ್ನೂ ಮುಖ್ಯ. ಮಧ್ಯದ ಕಂಬವನ್ನು ಜಾಲರಿ ಎರಡೂ ಕಡೆ ಎಳೆಯುತ್ತದೆ, ಹಾಗಾಗಿ ಸಮವಾಗಿ ನಿಲ್ಲುತ್ತದೆ. ಮೂಲೆಯದನ್ನು ಎರಡೂ ಕಡೆಯಿಂದ ಒಳಕ್ಕೇ ಎಳೆಯುತ್ತದೆ. ಅದಕ್ಕೆ ಎರಡೂ ದಿಕ್ಕಿಗೆ ಓರೆಯಾಗಿ ಸಪೋರ್ಟ್ ಕಂಬ ಕೊಡಲೇಬೇಕು. ನಮ್ಮಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಗೇಟಿನ ಕಂಬವೂ ಅಷ್ಟೇ, ಗೇಟಿನ ಭಾರವೆಲ್ಲ ಅದರ ಮೇಲೆ. ಅದು ದಪ್ಪ ಇರಬೇಕು, ಆಳವೂ ಜಾಸ್ತಿ ಬೇಕು.

ಇನ್ನೊಂದು, ಅವಸರ. ಇವತ್ತು ಕಂಬ ನೆಟ್ಟು ನಾಳೆಯೇ ಜಾಲರಿ ಬಿಗಿದರು. ಹಸಿ ಕಾಂಕ್ರೀಟ್ ಆ ಎಳೆತ ತಡೆಯುವುದಿಲ್ಲ. ಒಂದು ವಾರವಾದರೂ ನೀರು ಹಾಕಿ ಕ್ಯೂರಿಂಗ್ ಮಾಡಿ, ಆಮೇಲೆ ಬಿಗಿಯಲಿ. "ನಮ್ಮ ಹುಡುಗರು ಬೇರೆ ಕೆಲಸಕ್ಕೆ ಹೋಗ್ಬೇಕು" ಎಂದರೆ ಹೋಗಲಿ ಬಿಡಿ. ಬಾಕಿ ದುಡ್ಡು ನಿಮ್ಮ ಕೈಯಲ್ಲೇ ಇದ್ದರೆ ವಾಪಸ್ ಬರುತ್ತಾರೆ.

ಜಾಲರಿಯಲ್ಲೂ ಕೈಚಳಕ ತೋರಿಸಿದ್ದಾನೆ. ಬಾಯಲ್ಲಿ ಹೇಳಿದ್ದು 10 ಗೇಜ್, ಹಾಕಿದ್ದು 12. ಗೇಜ್ ನಂಬರ್ ಹೆಚ್ಚಾದಷ್ಟೂ ತಂತಿ ತೆಳು. 10 ಗೇಜ್ ಸುಮಾರು 3.2 ಮಿ.ಮೀ. ದಪ್ಪ, 12 ಗೇಜ್ ಸುಮಾರು 2.6 ಮಿ.ಮೀ. ಒಂದನ್ನೇ ನೋಡಿದರೆ ಕಣ್ಣಿಗೆ ಈ ವ್ಯತ್ಯಾಸ ಗೊತ್ತೇ ಆಗಲ್ಲ. ಆದರೆ ಕಬ್ಬಿಣದ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲು ಕಡಿಮೆ! ಹಣ ಪೂರ್ತಿ ದಪ್ಪ ತಂತಿಯದ್ದೇ ತೆಗೆದುಕೊಂಡ. ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆದರೆ ಒಂದೇ ನಿಮಿಷದ ಕೆಲಸ. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡೂ ತಂತಿಯ ತುಂಡು ತೆಗೆದುಕೊಂಡು ಜಾಲರಿಯ ಪಕ್ಕದಲ್ಲಿಟ್ಟು ನೋಡಿ.

"ಅಡಿಗೆ ಇಷ್ಟು" ಎಂಬ ಒಂದೇ ಮಾತಿನ ಕೊಟೇಶನ್ ಒಪ್ಪಬೇಡಿ. ಉದ್ದದ ಅಡಿಯೋ ಚದರ ಅಡಿಯೋ, ಕಂಬದ ಉದ್ದ ಎಷ್ಟು, ಕಂಬದಿಂದ ಕಂಬಕ್ಕೆ ದೂರ ಎಷ್ಟು (10 ಅಡಿ ಮೀರಬಾರದು), ಗೇಜ್ ಯಾವುದು, ಗೇಟ್ ಸೇರಿದೆಯೋ ಇಲ್ಲವೋ, ಎಲ್ಲ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡುವವನು ಬೇಡವೇ ಬೇಡ. ಹಣವನ್ನೂ ಸಾಮಾನು ಬಂದಾಗ ಒಂದಿಷ್ಟು, ಕಂಬ ನಿಂತಾಗ ಒಂದಿಷ್ಟು, ಜಾಲರಿ ಬಿಗಿದ ಮೇಲೆ ಒಂದಿಷ್ಟು ಎಂದು ಹಂಚಿ ಕೊಡಿ. ಗೇಟ್ ಸಲೀಸಾಗಿ ತೆಗೆದು ಮುಚ್ಚುವಂತಾಗುವವರೆಗೆ ಕೊನೆಯ ಕಂತು ನಿಮ್ಮಲ್ಲೇ ಇರಲಿ.

ಅಗೆಯುವ ಮೊದಲು ನೀರಿನ ಪೈಪ್, ಕೇಬಲ್ ಎಲ್ಲಿ ಹೋಗಿದೆ ಎಂದು ಗುರುತು ಹಾಕಿ ತೋರಿಸಿ. ಪಕ್ಕದವರನ್ನು ಕರೆದು ಗಡಿ ಕಲ್ಲಿನಿಂದ ಗಡಿ ಕಲ್ಲಿಗೆ ಹುರಿ ಕಟ್ಟಿಸಿ.

ಈಗ ಬೇರೆ ಮೇಸ್ತ್ರಿ ನಮ್ಮದನ್ನು ಮತ್ತೆ ಮಾಡುತ್ತಿದ್ದಾರೆ. ಹಳೆ ಕಂಬಗಳೆಲ್ಲ ಗಿಡ್ಡ, ಒಂದೂ ಕೆಲಸಕ್ಕೆ ಬರಲಿಲ್ಲ. ಇವರನ್ನು ಆರಿಸಿದ್ದು ಹಳೆ ಕೆಲಸ ನೋಡಿ. ನೀವೂ ಕೇಳಿ: ಒಂದು ಮಳೆಗಾಲ ಕಳೆದ ಬೇಲಿ ತೋರಿಸಿ ಎಂದು. ಹೊಸದು ಯಾರದ್ದಾದರೂ ನೆಟ್ಟಗೇ ಇರುತ್ತದೆ. ಅಲ್ಲಿಗೆ ಹೋಗಿ ಮೂಲೆ ಕಂಬ ಹಿಡಿದು ಅಲ್ಲಾಡಿಸಿ, ಆ ಮನೆಯವರನ್ನೂ ಮಾತಾಡಿಸಿ.