ಮೈಲೇಜ್ ಜಾಸ್ತಿ ಮಾಡೋಕೆ ಹೋಗಿ ಚಾರ್ಮಾಡಿಯಲ್ಲಿ ಬ್ರೇಕ್ ಕಳೆದುಕೊಂಡೆ

ಹಳೇ ಆಲ್ಟೊ, ವ್ಯಾಗನಾರ್, ಸ್ಯಾಂಟ್ರೊ ಇಟ್ಟುಕೊಂಡು "ಯಾಕೋ ಮೈಲೇಜ್ ಬರ್ತಿಲ್ಲ" ಅಂತ ಒದ್ದಾಡುತ್ತಿರುವವರು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ. ಎಂಟು ತಿಂಗಳಲ್ಲಿ ನಾನು ಮಾಡಿದ ಪೆದ್ದತನ ಅಷ್ಟೂ ಬರೆಯಬೇಕಲ್ಲ.

ನನ್ನದು 2011ರ ಆಲ್ಟೊ. 796 ಸಿಸಿ, ಮೂರು ಸಿಲಿಂಡರ್. ಓಡಿರೋದು 1,12,000 ಕಿಲೋಮೀಟರ್. ಹಾಸನದಲ್ಲಿ ಮನೆಯಿಂದ ಕೆಲಸಕ್ಕೆ, ತಿಂಗಳಿಗೊಂದು ಸಲ ಹೆಂಡತಿಯ ತವರು ಉಜಿರೆಗೆ, ಅಷ್ಟೇ ಅದರ ಓಡಾಟ. ಊರೊಳಗೆ, ಹೈವೇ ಎಲ್ಲ ಸೇರಿ ಲೀಟರಿಗೆ 18ರ ಹತ್ತಿರ ಕೊಡುತ್ತಿತ್ತು. ಕಳೆದ ವರ್ಷ ಮಾರ್ಚ್ ಹೊತ್ತಿಗೆ ನೋಡಿದರೆ 14.

ಅವತ್ತೇ ಗಾಡಿಯನ್ನು ಜಾಕ್ ಮೇಲೆ ಎತ್ತಿ, ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿ ನೋಡಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಮೊಬೈಲ್ ತೆಗೆದೆ.

ಮೊದಲು ತರಿಸಿದ್ದು ಮ್ಯಾಗ್ನೆಟ್. ಪೆಟ್ರೋಲ್ ಪೈಪಿಗೆ ಎರಡೂ ಕಡೆಯಿಂದ ಕಚ್ಚಿಸಿ ಕಟ್ಟೋದು, 1,450 ರೂಪಾಯಿ. ಪೆಟ್ರೋಲ್ ಕಣಗಳೆಲ್ಲ ಶಾಲೆ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ ನಿಂತು ಇಂಜಿನ್ ಒಳಗೆ ಹೋಗುತ್ತವಂತೆ, ಅದರಿಂದ ಪೂರ್ತಿ ಉರಿಯುತ್ತವಂತೆ. ಪೆಟ್ರೋಲ್ ಏನು ಕಬ್ಬಿಣದ ಪುಡಿಯಾ? ಈ ಪ್ರಶ್ನೆ ನನಗೆ ಹೊಳೆದದ್ದು ದುಡ್ಡು ಕೊಟ್ಟ ಮೇಲೆ. ಈಗಿನ ಇಂಜಿನ್‌ಗಳಲ್ಲಿ ಉರಿಯದೆ ಉಳಿಯುವ ಪೆಟ್ರೋಲೇ ತೀರಾ ಕಡಿಮೆ, ಹಾಗಾಗಿ "ಪೂರ್ತಿ ಉರಿಸಿ" ಉಳಿಸೋಕೆ ಅಲ್ಲಿ ಏನೂ ಇರುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಅದರಲ್ಲಿ ಚೂರುಪಾರು ಉಪಯೋಗಕ್ಕೆ ಬಂದದ್ದು ಬೆರಳೆಣಿಕೆಯಷ್ಟು, ಮ್ಯಾಗ್ನೆಟ್ ಅದರಲ್ಲಿಲ್ಲ.

ಆಮೇಲೆ ಸ್ಟೇರಿಂಗ್ ಕೆಳಗಿನ ಸ್ಕ್ಯಾನರ್ ಪೋರ್ಟಿಗೆ (ಮೆಕ್ಯಾನಿಕ್‌ಗಳು ಕಾರಿನ ಕಂಪ್ಯೂಟರ್ ಚೆಕ್ ಮಾಡೋಕೆ ವೈರ್ ಸಿಕ್ಕಿಸುವ ಜಾಗ) ಚುಚ್ಚುವ ಡಬ್ಬಿ. 799 ರೂಪಾಯಿ. ಹಸಿರು ದೀಪ, ಕೆಂಪು ದೀಪ ಮಿಣಮಿಣ ಅನ್ನುತ್ತವೆ. 200 ಕಿಲೋಮೀಟರ್ ಓಡಿಸಿದರೆ ನಿಮ್ಮ ಡ್ರೈವಿಂಗ್ ಅಭ್ಯಾಸ ಕಲಿತುಕೊಂಡು ಇಂಜಿನ್ ಕಂಪ್ಯೂಟರನ್ನು ಸರಿಮಾಡುತ್ತದೆ ಅಂತ ಡಬ್ಬದ ಮೇಲೆ ಬರೆದಿತ್ತು. ತಮಾಷೆ ಏನಂದ್ರೆ ಮೊದಲ ಟ್ಯಾಂಕಿಗೆ 15.3 ಬಂತು! ನಾನು ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ ಬೇರೆ ಹಾಕಿದೆ, ಇಬ್ಬರು ಸಂಬಂಧಿಕರು ಲಿಂಕ್ ಕೇಳಿ ತಾವೂ ತರಿಸಿಕೊಂಡರು, ಆ ಪಾಪ ಇನ್ನೂ ತಲೆ ಮೇಲಿದೆ. ಆಗಿದ್ದು ಇಷ್ಟೇ. ಹೊಸ ಡಬ್ಬಿ ಹಾಕಿದ ಖುಷಿಯಲ್ಲಿ, ಎಷ್ಟು ಬರುತ್ತೋ ನೋಡೋಣ ಅಂತ ನಾನೇ ಕಾಲು ಹಗುರ ಮಾಡಿ ಓಡಿಸಿದ್ದೆ. ಮುಂದಿನ ಟ್ಯಾಂಕಿಗೆ ಮತ್ತೆ 14.

ತಂಗಿ ಮಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. ಅವನು ಡಬ್ಬಿ ಬಿಚ್ಚಿದ. 16 ಪಿನ್ ಇವೆ, ಕರೆಂಟು ಮತ್ತು ಅರ್ತ್ ಬಿಟ್ಟರೆ ಒಂದಕ್ಕೂ ಒಳಗೆ ಕನೆಕ್ಷನ್ ಇಲ್ಲ. ಕಾರಿನ ಕಂಪ್ಯೂಟರ್ ಜೊತೆ ಮಾತಾಡೋಕೆ ಅದಕ್ಕೆ ಬಾಯೇ ಇಲ್ಲ. "ಮಾವ, ಇದು ಸೀರಿಯಲ್ ಸೆಟ್ಟು. ಗಣಪತಿ ಹಬ್ಬಕ್ಕೆ ಇಟ್ಕೊಳ್ಳಿ" ಅಂದ.

ಇಲ್ಲಿಯವರೆಗೆ ಹೋದದ್ದು ದುಡ್ಡು ಮಾತ್ರ.

ಮುಂದೆ ಹಾಸನದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಹೆಸರು ಬೇಡ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "ಅಣ್ಣ, ಹಳೇ ಇಂಜಿನ್ನು, ಹೀಟಾಗಿ ಪೆಟ್ರೋಲ್ ಕುಡೀತಿದೆ. ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡ್ತೀನಿ, ಕೂಲಾಗಿರುತ್ತೆ, ಮೈಲೇಜೂ ಬರುತ್ತೆ. ಟೈರಿಗೆ 40 ಹೊಡೆಸಿ" ಅಂದ. 500 ರೂಪಾಯಿ ಕೊಟ್ಟು ಬಂದೆ. ತೆಗೆದ ವಾಲ್ವನ್ನು ಕೇಳಿ ತರಬೇಕು ಅಂತಲೂ ತೋಚಲಿಲ್ಲ.

ಈ ವಾಲ್ವ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ಕಡೆ ಹಳೇ ಗಾಡಿಗಳಿಗೆ ಇದನ್ನು ತುಂಬಾ ಜನ ತೆಗೆಸುತ್ತಾರೆ. ಇಂಜಿನ್ ತಣ್ಣಗಿರುವಾಗ ಆ ವಾಲ್ವ್ ಮುಚ್ಚಿರುತ್ತದೆ. ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ ಒಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ಸುಮಾರು 80 ಡಿಗ್ರಿ ದಾಟಿದ ಮೇಲೆ ವಾಲ್ವ್ ತೆರೆಯುತ್ತದೆ. ಅದನ್ನು ತೆಗೆದುಬಿಟ್ಟರೆ ಸ್ಟಾರ್ಟ್ ಮಾಡಿದ ಕ್ಷಣದಿಂದ ನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತಲೇ ಇರುತ್ತದೆ. ಇಂಜಿನ್ ಇನ್ನೂ ಬಿಸಿಯಾಗಿಲ್ಲ ಅಂತ ಸೆನ್ಸರ್ ಹೇಳುತ್ತದೆ. ಕಂಪ್ಯೂಟರ್ ಪಾಪ ಏನು ಮಾಡುತ್ತೆ, ಬೆಳಿಗ್ಗೆ ಎದ್ದು ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಕೊಡುವ ಹಾಗೆ ದಾರಿಯುದ್ದಕ್ಕೂ ಜಾಸ್ತಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಮೈಲೇಜ್ ಹೆಚ್ಚಿಸೋಕೆ ಅಂತ ತೆಗೆಸಿದ ವಾಲ್ವಿನಿಂದ ನನಗೆ 14 ಹೋಗಿ 12.8 ಆಯಿತು. ಮೀಟರಿನಲ್ಲಿ ಟೆಂಪರೇಚರ್ ಮುಳ್ಳು ಕೆಳಗೇ ಬಿದ್ದಿರುತ್ತಿತ್ತು, ಅದನ್ನು ನೋಡಿ ನಾನು ಖುಷಿಪಡುತ್ತಿದ್ದೆ ಅನ್ನೋದು ಬೇರೆ ಮಾತು.

ಆ ಹೊತ್ತಿಗೆ ನನಗೆ ಹಟ ಹಿಡಿದಿತ್ತು. ಉಳಿದಿದ್ದು ಡ್ರೈವಿಂಗ್ ಒಂದೇ ಅಲ್ವಾ? ಅಪ್ಪ ಪ್ರೀಮಿಯರ್ ಪದ್ಮಿನಿ ಓಡಿಸುತ್ತಿದ್ದ ಕಾಲದಲ್ಲಿ ಇಳಿಜಾರು ಬಂದರೆ ನ್ಯೂಟ್ರಲ್ ಮಾಡುತ್ತಿದ್ದರು. ಕಾರ್ಬುರೇಟರ್ ಗಾಡಿಯಲ್ಲಿ ಅದರಿಂದ ನಾಲ್ಕು ಹನಿ ಉಳಿಯುತ್ತಿತ್ತೇನೋ. ನಮ್ಮ ಇಂಜೆಕ್ಷನ್ ಗಾಡಿಗಳಲ್ಲಿ ಲೆಕ್ಕ ಉಲ್ಟಾ. ಗೇರಿನಲ್ಲಿದ್ದು ಆಕ್ಸಿಲರೇಟರಿಂದ ಕಾಲು ತೆಗೆದರೆ ಚಕ್ರವೇ ಇಂಜಿನನ್ನು ತಿರುಗಿಸುತ್ತದೆ, ಪೆಟ್ರೋಲ್ ಪೂರ್ತಿ ಬಂದ್ ಆಗುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆಫ್ ಆಗದ ಹಾಗೆ ಪೆಟ್ರೋಲ್ ಕೊಡಲೇಬೇಕು. ಅಂದ್ರೆ ಉಳಿಸೋಕೆ ಹೋಗಿ ನಾನು ಖರ್ಚೇ ಮಾಡುತ್ತಿದ್ದೆ. ಇದು ಆಗ ಗೊತ್ತಿರಲಿಲ್ಲ.

ದೀಪಾವಳಿಗೆ ಉಜಿರೆಗೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯೋಕೆ ಶುರುಮಾಡಿದಾಗ ಸಂಜೆ ನಾಲ್ಕೂವರೆ. ಹಿಂದೆ ಇಬ್ಬರು ಮಕ್ಕಳು, ಡಿಕ್ಕಿ ತುಂಬಾ ಸಾಮಾನು. ನಾನು ನ್ಯೂಟ್ರಲ್. ಪ್ರತಿ ತಿರುವಿಗೂ ಬ್ರೇಕ್, ಬಿಡು, ಮತ್ತೆ ಬ್ರೇಕ್. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಮುಂದೆ ಹೋಗುತ್ತಿದ್ದ ಟೆಂಪೋದ್ದು ಇರಬೇಕು ಅಂದೆ. ಇನ್ನೊಂದು ತಿರುವು. ಟೆಂಪೋ ಮುಂದೆ ಹೋಗಿಬಿಟ್ಟಿತ್ತು, ವಾಸನೆ ನಮ್ಮ ಜೊತೆಗೇ ಇತ್ತು. ಅದರ ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ, ಒದ್ದೆ ಬಟ್ಟೆ ತುಳಿದ ಹಾಗೆ, ನೆಲದವರೆಗೂ ಹೋಯಿತು.

ಕೈಕಾಲು ತಣ್ಣಗಾಯಿತು. ಪಂಪ್ ಮಾಡಿದೆ, ಅರೆಬರೆ ಹಿಡಿಯಿತು. ಥರ್ಡ್ ಹಾಕಿದೆ, ಆಮೇಲೆ ಸೆಕೆಂಡ್, ಇಂಜಿನ್ ಕಿರುಚಿತು. ಹ್ಯಾಂಡ್ ಬ್ರೇಕ್ ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತಾ, ಗುಡ್ಡದ ಕಡೆ ಚರಂಡಿ ಪಕ್ಕ ಅಗಲ ಇದ್ದ ಜಾಗದಲ್ಲಿ ಹೇಗೋ ನಿಲ್ಲಿಸಿದೆ. ಕಣಿವೆ ಕಡೆ ನಾನು ನೋಡಲೇ ಇಲ್ಲ. ಹೆಂಡತಿ ಒಂದೂ ಮಾತಾಡಲಿಲ್ಲ, ಅದೇ ಜಾಸ್ತಿ ಹೆದರಿಕೆ ಆಯಿತು.

ಮುಂದಿನ ಎಡಗಡೆ ಚಕ್ರದಿಂದ ಹೊಗೆ. ಬಲಗಡೆ ಚಕ್ರ ಬರೀ ಬೆಚ್ಚಗಿತ್ತು. ನೀರಿನ ಬಾಟಲಿ ತೆಗೆದು ಸುರಿಯೋಕೆ ಹೋದೆ. ಅಷ್ಟರಲ್ಲಿ ಒಂದು ಪಿಕಪ್ ನಿಂತಿತು. "ಏ ಮಾರಾಯ್ರೆ, ನೀರು ಹಾಕ್ಬೇಡಿ, ಡಿಸ್ಕ್ ಬೆಂಡ್ ಆಗ್ತದೆ! ಸುಮ್ನೆ ಬಿಡಿ, ತನ್ನಷ್ಟಕ್ಕೆ ತಣಿಯಲಿ" ಅಂದ ಡ್ರೈವರ್. ಆಮೇಲೆ ಗೇರ್ ಕಡೆ ಬಗ್ಗಿ ನೋಡಿ ಕೇಳಿದ, "ನ್ಯೂಟ್ರಲ್ ಅಲ್ಲಿ ಇಳಿಸಿದ್ದಾ?" ನಾನು ಉತ್ತರ ಕೊಡಲಿಲ್ಲ. ಮುಕ್ಕಾಲು ಗಂಟೆ ಕೂತ ಮೇಲೆ ಪೆಡಲ್ ಸ್ವಲ್ಪ ಗಟ್ಟಿಯಾಯಿತು. ಆ ಪುಣ್ಯಾತ್ಮ ಅಷ್ಟೂ ಹೊತ್ತು ಕಾದು, ನಮ್ಮ ಮುಂದೆ ನಿಧಾನಕ್ಕೆ ಪಿಕಪ್ ಓಡಿಸಿಕೊಂಡು ಘಾಟಿ ಇಳಿಯುವವರೆಗೆ ಬಂದ. ನಾನು ಸೆಕೆಂಡ್ ಗೇರ್ ಬಿಡಲಿಲ್ಲ.

ಮಾರನೇ ದಿನ ಉಜಿರೆಯಲ್ಲಿ ಮಾವನವರ ಪರಿಚಯದ ಹಳೇ ಮೆಕ್ಯಾನಿಕ್. ಮೊದಲು ಜಾಕ್ ಹಾಕಿದರು. ಬಲಚಕ್ರ ಕೈಯಲ್ಲಿ ತಳ್ಳಿದರೆ ಸರಾಗವಾಗಿ ತಿರುಗಿತು. ಎಡಚಕ್ರ ಅರ್ಧ ಸುತ್ತೂ ಹೋಗಲಿಲ್ಲ. ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಜಾಮ್ ಆಗಿತ್ತು. ಬ್ರೇಕ್ ಬಿಟ್ಟರೂ ಪ್ಯಾಡ್ ಡಿಸ್ಕನ್ನು ಬಿಡುತ್ತಿರಲಿಲ್ಲ. ಒಳಗಿನ ಪ್ಯಾಡ್ ತಗಡಿನವರೆಗೆ ಸವೆದಿತ್ತು, ಹೊರಗಿನದು ಅರ್ಧ ಉಳಿದಿತ್ತು. ಅಂದ್ರೆ ಮಾರ್ಚ್‌ನಿಂದ ನಾನು ಒಂದು ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸುತ್ತಿದ್ದೆ. ಮೈಲೇಜ್ ಹೋಗಿದ್ದು ಅಲ್ಲಿಗೆ.

ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಬದಲಾಯಿಸಿ ಎಷ್ಟು ವರ್ಷ ಆಯ್ತು ಅಂದರು, ನನಗೆ ನೆನಪೇ ಇಲ್ಲ. ಈ ಆಯಿಲ್ ಗಾಳಿಯಿಂದ ನೀರಿನಂಶ ಹೀರಿಕೊಳ್ಳುತ್ತದೆ. ಡಾಟ್ 3 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು, ನೀರು ಸೇರಿದರೆ ಅದು 140ರ ಹತ್ತಿರಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನಲ್ಲಿ ಆವಿ. ಆವಿಯನ್ನು ಎಷ್ಟು ಒತ್ತಿದರೂ ಅದು ಮುದುಡಿಕೊಳ್ಳುತ್ತೆ ಅಷ್ಟೇ, ಬ್ರೇಕಿಗೆ ಒತ್ತಡ ಹೋಗಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು ಸರ್ವಿಸ್ ಸೆಂಟರಿನವರು ದುಡ್ಡಿಗೆ ಹೇಳೋ ಮಾತು ಅಂದುಕೊಂಡಿದ್ದೆ.

ಆಮೇಲೆ ಅವರು ಗಾಡಿ ಸ್ಟಾರ್ಟ್ ಮಾಡಿ, ಎರಡು ನಿಮಿಷ ಬಿಟ್ಟು ರೇಡಿಯೇಟರ್ ಮೇಲಿನ ಪೈಪ್ ಮುಟ್ಟಿದರು. ಆಗಲೇ ಬೆಚ್ಚಗಾಗುತ್ತಿತ್ತು. ವಾಲ್ವ್ ಇದ್ದಿದ್ದರೆ ಅಷ್ಟು ಬೇಗ ಅಲ್ಲಿಗೆ ಬಿಸಿ ಬರಬಾರದು. "ಇದರ ವಾಲ್ವ್ ಯಾರು ತೆಗ್ದದ್ದು ಮಾರಾಯ್ರೆ? ಎಂತಕ್ಕೆ?" ಎಂತಕ್ಕೆ ಅಂತ ಹೇಳೋಕೆ ನಾಚಿಕೆ ಆಯಿತು. ಪ್ಯಾಡ್, ಪಿನ್ ಕಿಟ್, ಬ್ರೇಕ್ ಆಯಿಲ್, ಹೊಸ ವಾಲ್ವ್, ಕೂಲಿ ಎಲ್ಲ ಸೇರಿ 3,650 ರೂಪಾಯಿ. ಟೈರಿನ ಗಾಳಿ 40ರಿಂದ 30ಕ್ಕೆ ಇಳಿಸಿ, "ಮಳೆಗೆ ಈ ಘಾಟಿಲಿ 40 ಇಟ್ಕೊಂಡು ಬಂದಿದ್ರೆ ಜಾರ್ತಿತ್ತು" ಅಂತ ಬೈದರು. ಎಷ್ಟು ಹೊಡೆಸಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಸ್ಟಿಕ್ಕರಿನಲ್ಲೇ ಇರುತ್ತೆ, ಯಾರನ್ನೂ ಕೇಳಬೇಕಿಲ್ಲ.

ಈಗ 17 ಬರುತ್ತಿದೆ. ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿ, ಪಂಪ್ ತಾನಾಗಿ ಕಟ್ ಆದಾಗ ನಿಲ್ಲಿಸಿ, ಮತ್ತೆ ಅಲ್ಲೇ ಫುಲ್ ಮಾಡಿ, ಮೂರು ಸಲ ಲೆಕ್ಕ ಹಾಕಿದ್ದು. ಹಳೆಯ 18 ಮತ್ತೆ ಬರಲಿಲ್ಲ, ಅದಕ್ಕೆ ನಾನು ತಲೆ ಕೆಡಿಸಿಕೊಂಡಿಲ್ಲ. ಈಗ ಬಂಕಿನಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್, ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಳೇ ಗಾಡಿಗಳಿಗೆ ಶೇ. 3ರಿಂದ 6ರವರೆಗೆ ಮೈಲೇಜ್ ಕಡಿಮೆ ಆಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಯಾವ ಡಬ್ಬಿ ಚುಚ್ಚಿದರೂ ಅದು ವಾಪಸ್ ಬರಲ್ಲ.

ನಿಮ್ಮ ಗಾಡಿಗೆ ಒಂದೇ ಒಂದು ಕೆಲಸ ಮಾಡಿ. ಜಾಸ್ತಿ ಬ್ರೇಕ್ ಹಾಕದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ರಿಮ್ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅವತ್ತೇ ಬಿಚ್ಚಿಸಿ. ಘಾಟಿ ಇದ್ದರಂತೂ ಹೊರಡುವ ಮುಂಚೆಯೇ.

ಕಳೆದ ವಾರ ಹಾಸನದ ಆ ಗ್ಯಾರೇಜ್ ಮುಂದೆ ನಿಂತಿದ್ದೆ. ಟೂಲ್ಸ್ ಇಡುವ ಟ್ರೇಯಲ್ಲಿ ಮೂರು ಥರ್ಮೋಸ್ಟಾಟ್ ವಾಲ್ವ್ ಬಿದ್ದಿದ್ದವು. ಒಂದು ನನ್ನದೇ ಇರಬೇಕು. ಇತ್ತೀಚೆಗೆ ಊರಲ್ಲಿ "ಇಂಜಿನ್ ಕೂಲ್" ಮಾಡಿಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಉಳಿದ ಎರಡು ನಿಮ್ಮವಾ ನೋಡಿ.