ತೋಟದ ಆಚೆ ದಡಕ್ಕೆ ಇಂಟರ್ನೆಟ್ಟು: ವೈರ್‌ಲೆಸ್ ಲಿಂಕೋ, ಫೈಬರ್ರೋ?

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ವೈರ್‌ಲೆಸ್ ಲಿಂಕಿಗೇ. ಆದ್ರೆ ಅದೂ ಸುಮ್ನೆ ಕೂತು ಕೆಲಸ ಮಾಡಿಲ್ಲ, ಅದನ್ನ ಮುಂದೆ ಹೇಳ್ತೀನಿ.

ಹೊಸನಗರ ಕಡೆ ಜಾಗ ಹೆಂಗಿರುತ್ತೆ ಗೊತ್ತಲ್ಲ, ಈ ಗುಡ್ಡದ ಬುಡದಲ್ಲಿ ಮನೆ, ಕಣಿವೇಲಿ ಅಡಿಕೆ ತೋಟ, ನಡುವೆ ಹಳ್ಳ, ಆಚೆ ಏರಲ್ಲಿ ಅಡಿಕೆ ಒಣಗಿಸೋ ಅಂಗಳ, ಪಕ್ಕದಲ್ಲೇ ಗೋಡೌನು. ಮನೆಗೆ ಇಂಟರ್ನೆಟ್ ಇದೆ, ಆಚೆಗಿಲ್ಲ. ಈಗಿನ ಅಡಿಕೆ ರೇಟಿಗೆ ಬೇಯಿಸಿದ ಅಡಿಕೆನ ಚಪ್ಪರದ ಮೇಲೆ ಹರಡಿಟ್ಟು ಯಾರೂ ನಿಶ್ಚಿಂತೆಯಿಂದ ಮಲಗಲ್ಲ, ಹಂಗಾಗಿ ಅಲ್ಲೆರಡು ಕ್ಯಾಮೆರಾ ಬೇಕಿತ್ತು. ನೇರ ಗೆರೆ ಎಳೆದ್ರೆ ಅರ್ಧ ಕಿಲೋಮೀಟರು. ಮಾಮೂಲಿ ನೆಟ್‌ವರ್ಕ್ ಕೇಬಲ್ಲು 100 ಮೀಟರ್ ದಾಟಲ್ಲ, ಅದು ಲೆಕ್ಕಕ್ಕೇ ಇಲ್ಲ. ಸಿಮ್ ಹಾಕೋ ಕ್ಯಾಮೆರಾ ಇಟ್ಟು ನೋಡಾಯ್ತು, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ರೂ ಮಲಗುತ್ತೆ, ಅಲ್ಲಿಗೆ ಮುಗೀತು.

ಆಮೇಲೆ ಫೈಬರ್, ಅಂದ್ರೆ ಬೆಳಕಲ್ಲಿ ಡೇಟಾ ಸಾಗಿಸೋ ಗಾಜಿನ ಎಳೆಯ ಕೇಬಲ್ಲು, ಎಳೆಸಿದೆ. ಕೇಬಲ್ಲಿನ ರೇಟು ಹೆಚ್ಚೇನಿಲ್ಲ, ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರು (ಬೆಳಕಿನ ಸಿಗ್ನಲ್ಲನ್ನ ಮಾಮೂಲಿ ಕೇಬಲ್ಲಿಗೆ ಬದಲಿಸೋ ಪೆಟ್ಟಿಗೆ), ಅವೂ ಅಗ್ಗ. ಓಡೋವಷ್ಟು ದಿನ ಚಿನ್ನದಂಗೆ ಓಡ್ತು. ಆದ್ರೆ ಕೇಬಲ್ಲು ನೇರ ಗೆರೇಲಿ ಹೋಗಲ್ವಲ್ಲ, ತೋಟಕ್ಕಿಳಿದು ಹಳ್ಳ ದಾಟಿ ಮರದಿಂದ ಮರಕ್ಕೆ ಕಟ್ಕೊಂಡೇ ಹೋಗ್ಬೇಕು, ಗಾಳಿಮಳೇಲಿ ಒಂದು ಅಡಿಕೆ ಮರ ಮುರಿದು ಬಿದ್ರೂ ಕಥೆ ಮುಗೀತು, ಸಾಲದ್ದಕ್ಕೆ ಮಂಗಗಳಿಗೆ ಅದು ಜೋಕಾಲಿ. ಹೂತು ಹಾಕಿದ್ರೆ ಹಂದಿ ಕೆದಕುತ್ತೆ, ಬಸಿಗಾಲುವೆ ತೆಗೆಯೋರ ಗುದ್ದಲಿ ಬೇರೆ. ತುಂಡಾದ್ಮೇಲೆ ಅದು ತಾಮ್ರದ ವೈರಲ್ಲ, ಹಲ್ಲಲ್ಲಿ ಸುಲಿದು ತಿರುಚಿ ಟೇಪ್ ಸುತ್ತೋಕೆ. ಗಾಜಿನ ತುದಿ ಬೆಸೆಯೋ ಸ್ಪ್ಲೈಸಿಂಗ್ ಮಿಷನ್ ಇಟ್ಕೊಂಡವರು ಪೇಟೆಯಿಂದ ಬರ್ಬೇಕು, ಮಳೆಗಾಲದಲ್ಲಿ ಅವರ ಫೋನು ಬರೀ ರಿಂಗಾಗುತ್ತೆ.

ಅದಕ್ಕೇ ವೈರ್‌ಲೆಸ್ ಲಿಂಕು. ಮನೆ ಮಾಡಿನ ಮೇಲೊಂದು, ಗೋಡೌನ್ ಮೇಲೊಂದು ಆಂಟೆನಾ ಡಬ್ಬಿ, ಒಂದರ ಮುಖ ಇನ್ನೊಂದಕ್ಕೆ. 5 ಗಿಗಾಹರ್ಟ್ಸ್‌ದು, 2018ರಲ್ಲೇ ಸರ್ಕಾರ ಆ ಬ್ಯಾಂಡಿನ ಬಹುಪಾಲು ಲೈಸೆನ್ಸ್ ಇಲ್ದೇ ಬಳಸೋಕೆ ಬಿಟ್ಟಿದೆ. ಗುಡ್ಡದಿಂದ ಗುಡ್ಡಕ್ಕೆ ಅಡಿಕೆ ತಲೆ ಮೇಲೇ ಹಾದು ಹೋಗುತ್ತೆ. ಮಾರ್ಚಲ್ಲಿ ಕೂರಿಸಿದಾಗ ಸಿಗ್ನಲ್ ಮೈನಸ್ 60 ಡಿಬಿಎಂ (ಸಿಗ್ನಲ್ ಪವರ್ ಅಳೆಯೋ ಲೆಕ್ಕ, ಸೊನ್ನೆಗೆ ಹತ್ತಿರ ಇದ್ದಷ್ಟೂ ಜೋರು) ಆಸುಪಾಸು, ವಿಡಿಯೋ ಒಂಚೂರೂ ತಡವರಿಸಲಿಲ್ಲ.

ಜೂನಲ್ಲಿ ಮಳೆ ಹಿಡೀತು ನೋಡಿ, ಮೈನಸ್ 80ಕ್ಕೆ ಇಳೀತು. 20 ಡಿಬಿ ಇಳಿಯೋದು ಅಂದ್ರೆ ಬರೋ ಪವರ್ ನೂರರಲ್ಲೊಂದು ಪಾಲಾಯ್ತು ಅಂತ. ಎಲ್ರೂ ಹೇಳಿದ್ದು ಒಂದೇ, "ಮಳೆಗೆ ಡಿಶ್ ಟಿವಿನೇ ಹೋಗುತ್ತೆ ಮಾರಾಯ, ಇನ್ನು ಇದ್ಯಾವ ಲೆಕ್ಕ". ಆದ್ರೆ ಡಿಶ್ಶಿನ ಸಿಗ್ನಲ್ಲು ಹೆಚ್ಚುಕಮ್ಮಿ 12 ಗಿಗಾಹರ್ಟ್ಸ್, ಬರೋದು 36,000 ಕಿಲೋಮೀಟರ್ ದೂರದಿಂದ, ಅದಕ್ಕೆ ಜೋರು ಮಳೆ ಏಟು ಕೊಡುತ್ತೆ. 5 ಗಿಗಾಹರ್ಟ್ಸ್‌ಗೆ ಅರ್ಧ ಕಿಲೋಮೀಟರಲ್ಲಿ ಮಳೆ ಹನಿ ಅಂಥ ಅಡ್ಡಿಯೇ ಅಲ್ಲ, ಆಗುಂಬೆ ಮಳೆಯಾದ್ರೂ ಅಷ್ಟೇ. ಮಳೆ ನಿಂತು ಹೊಳವಾದ್ಮೇಲೂ ಸಿಗ್ನಲ್ ಮೇಲೇಳದೆ, ಬಿಸಿಲು ಬಿದ್ದು ಮರ ಒಣಗಿದ ಮೇಲೆ ಏಳ್ತಿತ್ತು, ಆಗ್ಲೇ ಅನುಮಾನ ಬಂದಿದ್ದು.

ಮಧ್ಯದಲ್ಲಿ ಹಳ್ಳದ ದಂಡೆ ಬಿದಿರು ಮಟ್ಟಿ ಇತ್ತು. ಮಾಡಿನ ಮೇಲೆ ನಿಂತ್ರೆ ಅದರ ತುದಿ ಮೇಲಿಂದ ಗೋಡೌನು ಸ್ಪಷ್ಟ ಕಾಣುತ್ತೆ. ಆದ್ರೆ ಕಣ್ಣಿಗೆ ಕಂಡ್ರೆ ಸಾಕಾಗಲ್ಲ. ಅಲೆ ದಾರದಂಗೆ ಹೋಗಲ್ಲ, ನಡುವೆ ಹೊಟ್ಟೆ ಉಬ್ಬಿಸ್ಕೊಂಡು ಹೋಗುತ್ತೆ, ಫ್ರೆನೆಲ್ ಝೋನ್ ಅಂತಾರೆ ಅದಕ್ಕೆ, ಅರ್ಧ ಕಿಲೋಮೀಟರಿಗೆ ಮಧ್ಯದಲ್ಲಿ ಗೆರೆಯ ಸುತ್ತ ಸುಮಾರು ಎರಡೂವರೆ ಮೀಟರು. ಅದರಲ್ಲಿ ಶೇಕಡ 60 ಭಾಗವಾದ್ರೂ ಖಾಲಿ ಇರ್ಬೇಕು. ಮಾರ್ಚಲ್ಲಿ ಬಿದಿರು ಬೋಳು ಬೋಳು. ಜೂನಿಗೆ ಚಿಗುರಿ, ಒದ್ದೆ ಎಲೆ ತುಂಬಿ, ಆ ಹೊಟ್ಟೆಯೊಳಗೇ ಬಂದು ಕೂತಿತ್ತು. ನೀರಿರೋ ಎಲೆ ಅಂದ್ರೆ ಈ ಸಿಗ್ನಲ್ಲಿಗೆ ಗೋಡೆನೇ. ಬಿದಿರು ಕಡಿಸೋಣ ಅಂದ್ರೆ ಅದು ಪಕ್ಕದ ತೋಟದ ಅಣ್ಣಯ್ಯಂದು, "ಅಡ್ಡಡ್ಡ ಬಂದಿದ್ದು ಸವರ್ಕೋ, ಬುಡಕ್ಕೆ ಕತ್ತಿ ಹಾಕ್ಬೇಡ" ಅಂದ್ರು. ಕಳಲೆ ಮೇಲೆ ಅವರಿಗೆ ಕಣ್ಣು, ಇರ್ಲಿ. ಒಂದಿಷ್ಟು ಸವರಿ, ಎರಡೂ ಕಡೆ ಜಿಐ ಪೈಪ್ ಕೊಟ್ಟು ಡಬ್ಬಿ ಎತ್ತರಿಸಿದ್ಮೇಲೆ ಮೈನಸ್ 63ಕ್ಕೆ ಬಂತು, ಮಳೇಲೂ ಅಲ್ಲೇ ನಿಂತಿದೆ.

ಫೈಬರ್ ಗೆಲ್ಲೋದು ಸಿಡಿಲಲ್ಲಿ, ಗಾಜಲ್ಲಿ ಕರೆಂಟ್ ಹರಿಯಲ್ಲ. ಸ್ಟೀಲ್ ತಂತಿ ಇರೋ ಕೇಬಲ್ಲಾದ್ರೆ ಆ ಧೈರ್ಯವೂ ಇಲ್ಲ. ನಮ್ಮನೇಲಿ ಗುಡುಗು ಕೇಳಿದ್ರೆ ಟಿವಿ, ಮೋಡೆಮ್ ಎಲ್ಲಾ ಕೀಳೋದು ಅಭ್ಯಾಸ, ಮಾಡಿನ ಮೇಲಿನ ಡಬ್ಬಿಗೆ ಹೋಗೋ ಕೇಬಲ್ಲೂ ಅದರ ಜೊತೆ. ಆ ಅಭ್ಯಾಸ ಇಲ್ದೇ ಇರೋರು ಯೋಚ್ನೆ ಮಾಡಿ.

ಸ್ಪೀಡು ಎರಡರಲ್ಲೂ ಕ್ಯಾಮೆರಾಗೆ ಬೇಕಾದ್ದಕ್ಕಿಂತ ಹೆಚ್ಚೇ. ಆಚೆ ತುದೀಲಿ ಬ್ಯಾಟರಿ ಎರಡಕ್ಕೂ ಬೇಕು.

ದುಡ್ಡು: ಡಬ್ಬಿ, ಪೈಪು, ಅರ್ಥಿಂಗ್ ಎಲ್ಲಾ ಸೇರಿ ಹತ್ತು ಸಾವಿರದ ಮೇಲೆ ಚೂರು. ಫೈಬರ್ರು ಶುರುವಲ್ಲಿ ಅಷ್ಟೇ ಆಗಿದ್ದು, ಆಮೇಲಿನ ರಿಪೇರಿ ಬೇರೆ. ಎರಡು ತುದಿ ಒಂದಕ್ಕೊಂದು ಕಾಣ್ದೇ ಇದ್ರೆ, ನಡುವೆ ಗುಡ್ಡನೇ ಅಡ್ಡ ಇದ್ರೆ, ವೈರ್‌ಲೆಸ್ ಆಸೆ ಬಿಟ್ಟು ಫೈಬರ್ರೇ ಎಳೀರಿ, ಎರಡು ಕೋರಿಂದು (ಒಳಗೆ ಎರಡು ಎಳೆ ಇರೋದು) ತಗೊಂಡು ಎರಡೂ ಕಡೆ ಒಂದಷ್ಟು ಮಾರು ಸುತ್ತಿಟ್ಕೊಳ್ಳಿ, ತುಂಡಾದಾಗ ಎಳೆದು ಸೇರಿಸೋಕೆ ಬೇಕಾಗುತ್ತೆ.